ಹೈಬ್ರಿಡ್ ಕಾರಿಗೆ ಆರುನೂರು ರೂಪಾಯಿಯ ಡಾಂಗಲ್: ಒಬ್ಬ ವೈಂಡಿಂಗ್ ಮೇಸ್ತ್ರಿಯ ವಿಮರ್ಶೆ

ವಸ್ತು: ಬ್ಲೂಟೂತ್ ಒಬಿಡಿ ಡಾಂಗಲ್, ಅಂದ್ರೆ ಕಾರಿನ ಕಂಪ್ಯೂಟರಿನ ಲೆಕ್ಕ ಓದಿ ಫೋನಿಗೆ ಕಳಿಸೋ ಪುಟ್ಟ ಪ್ಲಗ್. ಒಳಗಿನ ಚಿಪ್ ಇಎಲ್ಎಂ327 ಜಾತಿಯದು. ಬೆಲೆ ಆರುನೂರು ಚಿಲ್ಲರೆ. ಕೊಂಡಿದ್ದು ದಾವಣಗೆರೆ ಅಶೋಕ ರಸ್ತೆ ಕಡೆಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ. ಹಾಕಿದ ಗಾಡಿ ಟೊಯೊಟಾ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್. ನನ್ನ ಅಂಕ ಐದಕ್ಕೆ ಮೂರೂವರೆ.

ಮೊದಲು ಗಾಡಿ ಯಾವುದು ಅಂತ ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ಅದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಯಂತ್ರಗಳಿವೆ. ಒಂದು ಮೈಲ್ಡ್ ಹೈಬ್ರಿಡ್. ಅದು ಹೆಚ್ಚು ಕಡಿಮೆ ಮಾಮೂಲಿ ಪೆಟ್ರೋಲ್ ಗಾಡಿಯೇ. ಇನ್ನೊಂದು ಸ್ಟ್ರಾಂಗ್ ಹೈಬ್ರಿಡ್: 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್, ಜೊತೆಗೆ ಚಕ್ರ ತಿರುಗಿಸೋ ಮೋಟಾರು, 177.6 ವೋಲ್ಟಿನ ಲಿಥಿಯಂ ಬ್ಯಾಟರಿ. ನಾನು ಬರೀತಿರೋದು ಎರಡನೆಯದರ ಬಗ್ಗೆ. ಕಾಗದದ ಮೇಲೆ ಲೀಟರಿಗೆ 27.97 ಕಿಲೋಮೀಟರ್. ನನಗೆ ಊರೊಳಗೆ ಇಪ್ಪತ್ತೆರಡು ಇಪ್ಪತ್ಮೂರು ಬರ್ತದೆ, ಹೈವೇನಲ್ಲಿ ನೂರರ ಮೇಲೆ ಹೊಡೆದರೆ ಅದಕ್ಕಿಂತ ಕಡಿಮೆ. ಪಿ.ಬಿ. ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋದರೇ ಈ ಗಾಡಿಗೆ ಖುಷಿ. ಬ್ರೇಕ್ ಒತ್ತಿದಾಗಲೆಲ್ಲ ಕರೆಂಟ್ ವಾಪಸ್ ಬರೋದು ಅಲ್ಲೇ ತಾನೆ.

ನನ್ನ ಕಸುಬು ಮೋಟಾರ್ ರಿವೈಂಡಿಂಗ್. ಎಪಿಎಂಸಿ ಹತ್ತಿರ ಅಂಗಡಿ. ಬೋರ್‌ವೆಲ್ ಮೋಟಾರು, ರೈಸ್ ಮಿಲ್ಲಿನ ಮೋಟಾರು, ಮಿಲ್ಲುಗಳಲ್ಲಿ ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡೋ ವಿಎಫ್‌ಡಿ ಡ್ರೈವ್ ರಿಪೇರಿ ನಮ್ಮ ಹೊಟ್ಟೆಪಾಡು. ಕಾರು ತಗೊಂಡಾಗ ಗೆಳೆಯರು ಹೆದರಿಸಿದ್ದು ಇಷ್ಟೇ: "ಏನಾದ್ರೂ ಆದ್ರೆ ನಮ್ಮೂರ ಮೆಕ್ಯಾನಿಕ್ ಮುಟ್ಟಲ್ಲ ನೋಡಪಾ." ನಾನು ಬಾನೆಟ್ ಎತ್ತಿ ನೋಡಿದರೆ ಒಳಗೆ ಕಂಡಿದ್ದೆಲ್ಲ ನಮ್ಮ ಅಂಗಡಿಯದ್ದೇ ಸಾಮಾನು. ಬ್ಯಾಟರಿಯ ಡಿಸಿಯನ್ನು ಮೂರು ಫೇಸ್ ಮಾಡಿ ಮೋಟಾರಿಗೆ ಕೊಡುವ ಇನ್ವರ್ಟರ್. ಅದು ವಿಎಫ್‌ಡಿಯ ತಮ್ಮ. ಒಳಗೆ ಕರೆಂಟನ್ನು ಆನ್-ಆಫ್ ಮಾಡೋ ಅದೇ ಐಜಿಬಿಟಿ, ಅದೇ ಕೆಪಾಸಿಟರ್. ಮೋಟಾರು ಪರ್ಮನೆಂಟ್ ಮ್ಯಾಗ್ನೆಟ್ಟಿನದು. ಹಾಗಂತ ಅದನ್ನು ಬಿಚ್ಚೋಕೆ ಕೂತೆ ಅಂತ ತಿಳ್ಕೋಬೇಡಿ. ಮನೆಯಲ್ಲಿ ಈ ಗಾಡಿಗೆ ಮಾಡೋ ಕೆಲಸದಲ್ಲಿ ಸ್ಪ್ಯಾನರ್ ಹಿಡಿಯೋದು ಕಡಿಮೆ, ಅಳೆಯೋದು ಹೆಚ್ಚು. ಅಳೆಯೋಕೆ ಒಂದು ಕಣ್ಣು ಬೇಕು, ಅದಕ್ಕೇ ಈ ಡಾಂಗಲ್.

ಸ್ಟೀರಿಂಗ್ ಕೆಳಗೆ, ಬಲ ಮಂಡಿ ಮುಟ್ಟುವ ಕಡೆ ಹದಿನಾರು ಪಿನ್ನಿನ ಸಾಕೆಟ್ ಇರ್ತದೆ. ಬಿಎಸ್-6 ಕಾರುಗಳಲ್ಲೆಲ್ಲ ಇದೆ. ಡಾಂಗಲ್ ಅದಕ್ಕೆ ಚುಚ್ಚಿ, ಫೋನಿನಲ್ಲಿ 'ಟಾರ್ಕ್' ಅಥವಾ 'ಕಾರ್ ಸ್ಕ್ಯಾನರ್' ಆ್ಯಪ್ ಹಾಕಿ, ಬ್ಲೂಟೂತ್ ಜೋಡಿಸಿದರೆ ಗಾಡಿ ಮಾತಾಡೋಕೆ ಶುರು. ಕೂಲೆಂಟ್ ಬಿಸಿ, ಎಂಜಿನ್ ಆರ್‌ಪಿಎಂ, ದೊಡ್ಡ ಬ್ಯಾಟರಿ ಶೇಕಡಾ ಎಷ್ಟು ತುಂಬಿದೆ, ಸಣ್ಣ ಬ್ಯಾಟರಿ ಎಷ್ಟು ವೋಲ್ಟ್, ಎಲ್ಲ ಫೋನಿನಲ್ಲಿ. ಮಗಳ ಐಫೋನಿಗೆ ಮಾತ್ರ ಇದು ಸಿಗಲಿಲ್ಲ. ಹಳೇ ಥರದ ಬ್ಲೂಟೂತ್ ಡಾಂಗಲ್ ಐಫೋನಿಗೆ ಆಗಿಬರಲ್ಲ, ಅವರಿಗೆ ವೈಫೈನದ್ದು ಅಥವಾ ಬ್ಲೂಟೂತ್ ಎಲ್‌ಇ ಇರೋದು ಬೇಕು. ಡಬ್ಬಿಯ ಮೇಲೆ ಈ ವಿಷಯ ಬರೆದಿಲ್ಲ. ಡಬ್ಬಿಯೊಳಗೆ ಒಂದು ಪುಟ್ಟ ಸೀಡಿ ಇಟ್ಟಿದ್ದಾರೆ, ಅದನ್ನ ಹಾಕೋಕೆ ಮನೆಯ ಯಾವ ಕಂಪ್ಯೂಟರಿನಲ್ಲೂ ಜಾಗವಿಲ್ಲ. ಅಂಗಡಿ ಹುಡುಗ ತಗೊಂಡು ಹೋಗಿ ಜೋಳದ ಹೊಲದಲ್ಲಿ ಗಿಳಿ ಓಡಿಸೋಕೆ ಕಟ್ಟಿದ್ದಾನೆ.

ಈಗ ಸಣ್ಣ ಬ್ಯಾಟರಿಯ ವಿಷಯ. ಈ ಡಾಂಗಲ್ಲಿಗೆ ಕೊಟ್ಟ ದುಡ್ಡು ವಸೂಲಾಗಿದ್ದು ಇಲ್ಲೇ.

ಹೈಬ್ರಿಡ್‌ನಲ್ಲಿ ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರೂ ಇಲ್ಲ. ಎಂಜಿನ್ ತಿರುಗಿಸೋದು, ಕರೆಂಟ್ ಹುಟ್ಟಿಸೋದು ಎರಡನ್ನೂ ಟ್ರಾನ್ಸ್‌ಮಿಷನ್ ಒಳಗಿನ ಮೋಟಾರ್-ಜನರೇಟರೇ ಮಾಡ್ತದೆ. ಆದರೂ ಒಂದು ಮಾಮೂಲಿ 12 ವೋಲ್ಟ್ ಬ್ಯಾಟರಿ ಇದೆ. ಕಂಪ್ಯೂಟರುಗಳನ್ನು ಎಬ್ಬಿಸೋದು, ದೊಡ್ಡ ಬ್ಯಾಟರಿಯ ರಿಲೇಗಳನ್ನು ಕೂಡಿಸೋದು ಅದರ ಕೆಲಸ. ಪ್ಯಾನಲ್ ಬೋರ್ಡಿನಲ್ಲಿ ಕಂಟ್ರೋಲ್ ಸಪ್ಲೈ ಹೋದರೆ ಕಾಂಟ್ಯಾಕ್ಟರ್ ಅನ್ನೋ ದೊಡ್ಡ ಸ್ವಿಚ್ ಎಳೆಯಲ್ಲ, ಮುಂದೆ 50 ಹೆಚ್‌ಪಿ ಮೋಟಾರಿದ್ದರೂ ಸುಮ್ಮನೆ ಕೂರ್ತದೆ. ಇಲ್ಲೂ ಅದೇ ಕಥೆ. ಪೆಟ್ರೋಲ್ ಗಾಡಿಯಲ್ಲಾದರೆ ಬ್ಯಾಟರಿ ಸೋಲ್ತಾ ಬಂದಾಗ ಬೆಳಿಗ್ಗೆ ಸೆಲ್ಫ್ ಎಳೆದೆಳೆದು ತಿರುಗಿ ಮುನ್ಸೂಚನೆ ಕೊಡ್ತದೆ. ಹೈಬ್ರಿಡ್‌ನಲ್ಲಿ ಎಳೆಯೋದೇ ಇಲ್ಲವಲ್ಲ, ಹಾಗಾಗಿ ನಿನ್ನೆವರೆಗೆ ಚೆನ್ನಾಗಿದ್ದು ಇವತ್ತು ಏಕ್‌ದಂ ನಿಲ್ತದೆ.

ಹೊಳಲ್ಕೆರೆಯಲ್ಲಿರೋ ನನ್ನ ಷಡ್ಡಕನದ್ದೂ ಇಂಥದ್ದೇ ಗಾಡಿ. ಅವನು ಡ್ಯಾಶ್‌ಕ್ಯಾಮ್ ಹಾಕಿಸಿದ್ದ, ಗಾಡಿ ನಿಂತಿದ್ದಾಗಲೂ ರೆಕಾರ್ಡ್ ಮಾಡೋ ಥರದ್ದು. ಮನೆಮಂದಿಯೆಲ್ಲ ಕಾಶಿಗೆ ಹೋಗಿ ಬಂದು ಬಟನ್ ಒತ್ತಿದರೆ ಗಾಡಿ ಹೊರಡೋಕೆ ತಯಾರು ಅಂತ ಹೇಳೋ ರೆಡಿ ಲೈಟ್ ಬರ್ತಿಲ್ಲ, ಡ್ಯಾಶ್‌ಬೋರ್ಡ್ ತುಂಬ ಎಚ್ಚರಿಕೆ ದೀಪ. ಅಲ್ಲಿನ ಒಬ್ಬ ಗ್ಯಾರೇಜಿನವನನ್ನು ಕರೆಸಿದ್ದಾನೆ. ಆತ ನೋಡಿ, "ಹೈಬ್ರಿಡ್ ಬ್ಯಾಟರಿ ಹೋಗೇತಿ, ಲಕ್ಷದ ಮೇಲೆ ಆಕ್ಕತಿ" ಅಂದುಬಿಟ್ಟ. ಷಡ್ಡಕ ನನಗೆ ಫೋನ್ ಮಾಡಿದಾಗ ಧ್ವನಿಯೇ ಹೊರಡ್ತಿರಲಿಲ್ಲ. "ಅಣ್ಣಾ, ಗಾಡಿ ಮಾರೋಕೂ ಆಗಲ್ಲೇನೋ."

ನಾನು ಹೋಗಿ ಡಾಂಗಲ್ ಹಾಕಿದೆ. ವೋಲ್ಟೇಜ್ ಹನ್ನೊಂದರ ಕೆಳಗೆ. ಗಾಡಿ ಬರೆದಿಟ್ಟ ದೋಷದ ಕೋಡುಗಳ ಸಾಲೇ ಇತ್ತು, ಆದರೆ ಎಲ್ಲ 'ಯು' ಅಕ್ಷರದಿಂದ ಶುರುವಾಗೋವು. ಆ ಕೋಡುಗಳ ಅರ್ಥ ಒಂದು ಕಂಪ್ಯೂಟರಿಗೆ ಇನ್ನೊಂದು ಕಂಪ್ಯೂಟರ್ ಉತ್ತರ ಕೊಡ್ತಿಲ್ಲ ಅಂತ. ವೋಲ್ಟೇಜ್ ಕುಸಿದಾಗ ಒಂದೊಂದೇ ಕಂಪ್ಯೂಟರ್ ಮಲಗ್ತವೆ, ಎಚ್ಚರ ಇರೋವು ದೂರು ಬರೆದಿಡ್ತವೆ. ದೊಡ್ಡ ಬ್ಯಾಟರಿ ಹೋದರೆ ಬರಬೇಕಾದ ಪಿ0ಎ80 ಅನ್ನೋ ಕೋಡ್ ಅಲ್ಲಿರಲೇ ಇಲ್ಲ. ಮನೆಯ ಯುಪಿಎಸ್‌ಗೆ ಹಾಕಿದ್ದ 12 ವೋಲ್ಟಿನ ಟ್ಯೂಬುಲರ್ ಬ್ಯಾಟರಿ ಎಳೆದು ತಂದೆವು. ಕೆಂಪು ಪ್ಲಸ್‌ಗೆ, ಕಪ್ಪು ಬ್ಯಾಟರಿಯಿಂದ ದೂರ ಬಾಡಿಯ ಲೋಹಕ್ಕೆ. ಬಟನ್ ಒತ್ತಿದ ಕೂಡಲೇ ರೆಡಿ ಲೈಟ್ ಬಂತು, ಆ್ಯಪ್‌ನಲ್ಲಿ ವೋಲ್ಟೇಜ್ ಹದಿನಾಲ್ಕರ ಹತ್ತಿರ ಹೋಯ್ತು. ದೊಡ್ಡ ಬ್ಯಾಟರಿಯಿಂದ ಸಣ್ಣದನ್ನ ತುಂಬೋ ಡಿಸಿ-ಡಿಸಿ ಕನ್ವರ್ಟರ್ ಚಾರ್ಜ್ ಮಾಡ್ತಿದೆ ಅಂತ ಅದರಿಂದಲೇ ಗೊತ್ತಾಯ್ತು. ಹಾಗೆ ಒಮ್ಮೆ ಪೂರ್ತಿ ಇಳಿದ ಬ್ಯಾಟರಿಯನ್ನು ನಂಬೋ ಹಾಗಿಲ್ಲ, ಅದನ್ನ ಬದಲಾಯಿಸಿದ. ಡ್ಯಾಶ್‌ಕ್ಯಾಮಿನ ಆ ವೈರನ್ನೂ ಕೀಳಿಸಿದೆ.

ಇಲ್ಲಿ ಇನ್ನೊಂದು ಮಾತು. ಹೈಬ್ರಿಡ್‌ಗೆ ಬೇರೆ ಬ್ಯಾಟರಿಯಿಂದ ಜಂಪ್ ಕೊಡಬಹುದು, ಬೇಕಾಗೋ ಕರೆಂಟೂ ಕಡಿಮೆ. ಆದರೆ ನಿಮ್ಮ ಹೈಬ್ರಿಡ್‌ನಿಂದ ಪಕ್ಕದ ಮನೆಯವರ ಡೀಸೆಲ್ ಗಾಡಿಗೆ ಜಂಪ್ ಕೊಡೋಕೆ ಹೋಗಬೇಡಿ. ಇದರ ಬ್ಯಾಟರಿ, ಕನ್ವರ್ಟರ್ ಆ ಸೆಲ್ಫ್ ಎಳೆಯೋ ಕರೆಂಟಿಗೆ ಮಾಡಿದ್ದಲ್ಲ. "ಅಷ್ಟು ದೊಡ್ಡ ಬ್ಯಾಟರಿ ಇಟ್ಕೊಂಡು ಇಷ್ಟೂ ಮಾಡಲ್ವೇನ್ರೀ" ಅಂತ ಕೇಳ್ತಾರೆ. ಕೇಳಲಿ.

ಮಲ್ಟಿಮೀಟರ್ ಇದ್ದವರು ಡಾಂಗಲ್ ಇಲ್ಲದೆಯೂ ಇದರ ಅರ್ಧ ನೋಡಬಹುದು. ರಾತ್ರಿಯಿಡೀ ನಿಂತ ಗಾಡಿಯ 12 ವೋಲ್ಟ್ ಬ್ಯಾಟರಿ 12.6 ತೋರಿಸಿದರೆ ತುಂಬಿದೆ ಅಂತ, 12.2ಕ್ಕೆ ಬಂದರೆ ಅರ್ಧ ಅಂತ. ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ತಿಂಗಳಿಗೊಮ್ಮೆ ನೋಡೋದು ಒಳ್ಳೇದು. ವೈಂಡಿಂಗ್ ಮಾಡೋರಿಗೆಲ್ಲ ಗೊತ್ತಿರೋ ಲೆಕ್ಕ: ಹತ್ತು ಡಿಗ್ರಿ ಬಿಸಿ ಏರಿದರೆ ಇನ್ಸುಲೇಷನ್ ಆಯಸ್ಸು ಅರ್ಧ. ಲೆಡ್ ಆ್ಯಸಿಡ್ ಬ್ಯಾಟರಿಗೂ ಸುಮಾರಾಗಿ ಅದೇ ಲೆಕ್ಕ ನಡೀತದೆ.

ಇನ್ನು ಡಾಂಗಲ್ಲಿನ ಮೇಲೆ ನನ್ನ ತಕರಾರು. ಆ ಸಾಕೆಟ್ಟಿನ ಹದಿನಾರನೇ ಪಿನ್ನಿಗೆ ಬ್ಯಾಟರಿಯ ಪ್ಲಸ್ ಸದಾ ಬರ್ತಿರ್ತದೆ, ಗಾಡಿ ಆಫ್ ಆಗಿದ್ದರೂ. ಅಗ್ಗದ ಡಾಂಗಲ್ ಮಲಗೋದೇ ಇಲ್ಲ. ನಾನು ಮಿಲಿಆ್ಯಂಪ್ ರೇಂಜಿನಲ್ಲಿ ಮೀಟರ್ ಇಟ್ಟು ನೋಡಿದರೆ ನಲವತ್ತರ ಹತ್ತಿರ ಎಳೀತಿತ್ತು. ದಿನಕ್ಕೆ ಒಂದು ಆ್ಯಂಪಿಯರ್-ಅವರ್ ಆಯ್ತು. ಹೈಬ್ರಿಡ್‌ನ ಸಣ್ಣ ಬ್ಯಾಟರಿಗೆ ಇದು ಸಾಲದ ಬಡ್ಡಿ ಇದ್ದ ಹಾಗೆ. ಯಾವ ಬ್ಯಾಟರಿಯನ್ನು ಕಾಯೋಕೆ ಡಾಂಗಲ್ ತಂದೆವೋ ಅದನ್ನೇ ಅದು ತಿಂತದೆ. ನೋಡಿ, ಕಿತ್ತು, ಗ್ಲೋವ್ ಬಾಕ್ಸಿಗೆ ಹಾಕಿ. ಇದಕ್ಕೆ ಅರ್ಧ ಅಂಕ ಕಳೆದೆ.

ಮತ್ತರ್ಧ ಹೋಗಿದ್ದು ನಕಲಿತನಕ್ಕೆ. ಅಸಲಿ ಇಎಲ್ಎಂ327 ಚಿಪ್ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್‌ನದು. ಮೊದಲ ಆವೃತ್ತಿಯ ಚಿಪ್ಪಿಗೆ ಅವರು ಬೀಗ ಹಾಕದೆ ಬಿಟ್ಟಿದ್ದರು, ಅದರ ಒಳಗಿನ ಪ್ರೋಗ್ರಾಂ ಕದ್ದು ಲೋಕವೆಲ್ಲ ನಕಲು ಮಾಡ್ತು. ಆ ಕಂಪನಿ 2022ರಲ್ಲಿ ಬಾಗಿಲು ಹಾಕ್ತು. ಈಗ ಆರುನೂರಕ್ಕೆ ಸಿಗೋವೆಲ್ಲ ನಕಲೇ, ಅದರಲ್ಲಿ ಮುಜುಗರವೇನಿಲ್ಲ. ಆದರೆ ನಕಲಿನಲ್ಲೂ ತರತಮ ಇದೆ. ಡಬ್ಬಿ ಮೇಲೆ 'ವಿ1.5' ಅಂತ ಇರ್ತದೆ, ಅಸಲಿ ಕಂಪನಿ ಆ ನಂಬರಿನ ಆವೃತ್ತಿ ಬಿಡುಗಡೆಯೇ ಮಾಡಿರಲಿಲ್ಲ. ತಮಾಷೆ ಅಂದ್ರೆ ಸಾಮಾನ್ಯವಾಗಿ ಆ 1.5ರ ನಕಲೇ ಸರಿಯಾಗಿ ನಡೆಯೋದು. 'ವಿ2.1' ಅಂತ ಬರೆದಿರೋ ಎಷ್ಟೋ ಡಾಂಗಲ್‌ಗಳಿಗೆ ಅರ್ಧ ಆಜ್ಞೆಗಳೇ ಅರ್ಥವಾಗಲ್ಲ. ನಂಬರ್ ದೊಡ್ಡದಾದರೆ ಮಾಲು ಹೊಸದು ಅಂತ ಅಂಗಡಿಯವರು ಹೇಳ್ತಾರೆ. ಕಿವಿಗೆ ಹಾಕ್ಕೋಬೇಡಿ.

ಉಳಿದರ್ಧ: ಎಬಿಎಸ್, ಏರ್‌ಬ್ಯಾಗ್ ಕೋಡುಗಳನ್ನು ಇಂಥ ಡಾಂಗಲ್ ಸಾಮಾನ್ಯವಾಗಿ ಓದಲ್ಲ. ಲಿಥಿಯಂ ಬ್ಯಾಟರಿಯ ಒಂದೊಂದು ಸೆಲ್ಲಿನ ವೋಲ್ಟೇಜ್ ಬೇಕಾದರೆ ಆ ಕಂಪನಿಯ ಸ್ವಂತ ಭಾಷೆ ಗೊತ್ತಿರೋ ಆ್ಯಪ್ ಬೇಕು. ಬರೀ ಶೇಕಡಾವಾರು ನೋಡಿ ಬ್ಯಾಟರಿ ಆರೋಗ್ಯ ಹೇಳೋಕಾಗಲ್ಲ.

ಆ್ಯಪ್‌ನಲ್ಲಿ ಕೋಡ್ ಅಳಿಸೋ ಒಂದು ಬಟನ್ ಇದೆ. ದೀಪ ಆರಿಹೋಗ್ತದೆ, ಮನಸ್ಸಿಗೆ ಸಮಾಧಾನ. ಆದರೆ ಕೋಡಿನ ಜೊತೆಗೆ ಗಾಡಿ ಬರೆದಿಟ್ಟ ಲೆಕ್ಕವೂ ಹೋಗ್ತದೆ: ತೊಂದರೆ ಬಂದಾಗ ವೇಗ ಎಷ್ಟಿತ್ತು, ಬಿಸಿ ಎಷ್ಟಿತ್ತು ಎಲ್ಲ. ನಾಳೆ ಸರ್ವಿಸ್ ಸೆಂಟರಿಗೆ ಹೋದಾಗ ಅವರಿಗೆ ಬೇಕಾಗೋದೇ ಅದು. ಮೊದಲು ಫೋಟೋ ತೆಗೀರಿ. ನಾನಂತೂ ಆ ಬಟನ್ ಮುಟ್ಟಲ್ಲ.

ಕೋಡುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಪಿ0ಎಎ6. ನಮ್ಮಲ್ಲಿ ಮೋಟಾರು ಬಂದ ಕೂಡಲೇ ಇನ್ಸುಲೇಷನ್ ಅಳೆಯೋ 500 ವೋಲ್ಟಿನ ಮೆಗ್ಗರ್ ಹಾಕಿ, ವೈಂಡಿಂಗ್ ಬಾಡಿಗೆ ಲೀಕ್ ಆಗ್ತಿದೆಯಾ ಅಂತ ನೋಡ್ತೀವಿ. ಹೈಬ್ರಿಡ್ ಗಾಡಿ ಆ ಪರೀಕ್ಷೆಯನ್ನು ತನ್ನ ಮೇಲೆ ತಾನೇ ಮಾಡ್ಕೊಳ್ತಿರ್ತದೆ. ಅದರ ಹೈ ವೋಲ್ಟೇಜ್ ಲೈನಿನ ಪ್ಲಸ್ ಆಗಲಿ ಮೈನಸ್ ಆಗಲಿ ಬಾಡಿಗೆ ಸೇರಿಲ್ಲ, ತೇಲಾಡ್ತಿರ್ತವೆ. ಎಲ್ಲಾದರೂ ಇನ್ಸುಲೇಷನ್ ಕುಸಿದು ಬಾಡಿಗೆ ದಾರಿ ಸಿಕ್ಕರೆ ಈ ಕೋಡ್ ಬರ್ತದೆ.

ಇದು ಬರೋದಕ್ಕೆ ಒಂದು ದಾರಿ ಎಸಿ ಗ್ಯಾಸ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಇದರ ಎಸಿ ಕಂಪ್ರೆಸರ್ ಬೆಲ್ಟಿನಿಂದ ತಿರುಗಲ್ಲ, ದೊಡ್ಡ ಬ್ಯಾಟರಿಯ ಕರೆಂಟಿನಲ್ಲಿ ತಿರುಗೋ ಮೋಟಾರು ಅದರೊಳಗೇ ಇದೆ. ಆ ಮೋಟಾರಿನ ವೈಂಡಿಂಗ್ ಮೇಲೇ ಗ್ಯಾಸೂ ಕಂಪ್ರೆಸರ್ ಆಯಿಲೂ ಹರೀತಿರ್ತವೆ. ಹಾಗಾಗಿ ಕರೆಂಟ್ ಹರಿಯಗೊಡದ ಪಿಒಇ ಆಯಿಲ್ಲೇ ಬೇಕು, ಟೊಯೊಟಾ ಹೈಬ್ರಿಡ್‌ಗಳಲ್ಲಿ ಎನ್‌ಡಿ-11 ಅಂತಾರೆ. ಮಾಮೂಲಿ ಗಾಡಿಗಳಿಗೆ ಹಾಕೋದು ಪಿಎಜಿ ಆಯಿಲ್. ಅದು ಬೆರೆತರೆ ಇನ್ಸುಲೇಷನ್ ಇಳೀತದೆ, ಆಮೇಲೆ ಕಂಪ್ರೆಸರ್, ಪೈಪು ಎಲ್ಲ ಬದಲಾಯಿಸೋ ಹೊತ್ತು ಬರ್ತದೆ. ನಾನು ಪಿ.ಬಿ. ರಸ್ತೆಯ ಒಂದು ಎಸಿ ಅಂಗಡಿಗೆ ಹೋಗಿ, "ಆಯಿಲ್ ಯಾವುದು ಹಾಕ್ತೀರಪ್ಪ?" ಅಂತ ಕೇಳಿದೆ. "ಎಲ್ಲಾ ಗಾಡಿಗೂ ಇದೇ ಸಾರ್, ಏನೂ ಆಗಲ್ಲ." ಗಾಡಿ ತಿರುಗಿಸ್ಕೊಂಡು ಬಂದೆ. ಬಾಟಲಿ ಬದಲಾಯಿಸಿದರೂ ಸಾಲದು, ಅವರ ಮಷಿನ್ನಿನ ಪೈಪಿನಲ್ಲಿ ಹಿಂದಿನ ಗಾಡಿಯ ಪಿಎಜಿ ಉಳಿದಿರ್ತದಲ್ಲ. ಎಸಿ ಕೆಲಸ ಮಾತ್ರ ಕಂಪನಿಯಲ್ಲೇ ಮಾಡಿಸಿ, ದುಡ್ಡು ಹೆಚ್ಚಾದರೂ.

ನಮ್ಮ ಕಡೆ ಈ ಗಾಡಿಗೆ ನಿಜವಾದ ಶತ್ರು ಧೂಳು. ದೊಡ್ಡ ಬ್ಯಾಟರಿಯನ್ನು ತಣ್ಣಗಿಡೋಕೆ ಕ್ಯಾಬಿನ್ನಿನ ಗಾಳಿಯನ್ನೇ ಫ್ಯಾನ್ ಎಳ್ಕೊಳ್ತದೆ. ಹಿಂದಿನ ಸೀಟಿನ ಹತ್ತಿರ ಅದರ ಜಾಲರಿ ಇರ್ತದೆ, ಒಳಗೆ ಫಿಲ್ಟರ್. ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಕಡೆ ಗಾಡಿ ನಿಲ್ಲಿಸೋರು, ರೈಸ್ ಮಿಲ್ಲಿಗೆ ಓಡಾಡೋರು, ಜಗಳೂರು ಚಳ್ಳಕೆರೆ ಕಡೆಯ ಮಣ್ಣು ರಸ್ತೆಯವರು ಇದನ್ನ ಕೈಪಿಡಿ ಹೇಳಿದ್ದಕ್ಕಿಂತ ಬೇಗ ಬೇಗ ನೋಡ್ಬೇಕು. ನಮ್ಮ ಗಾಡಿಯದು ಬಿಚ್ಚಿದರೆ ಜೋಳದ ಸಿಪ್ಪೆಯ ಚೂರು, ತೌಡು, ಸೀಟಿನ ನೂಲು. ಕೈಪಿಡಿ ತೆಗೆದು ಕ್ಲಿಪ್ ಎಲ್ಲಿದೆ ನೋಡಿ ನಿಧಾನಕ್ಕೆ ಎಳೆದರೆ ಕವರ್ ಬರ್ತದೆ, ಸ್ಪ್ಯಾನರ್ ಬೇಡ.

ನಮ್ಮಂಥವರ ಕೈ ತಾನಾಗಿ ಬ್ಲೋವರ್ ಕಡೆ ಹೋಗ್ತದೆ. ಮೋಟಾರ್ ಬಂದರೆ ಮೊದಲು ಊದೋದೇ ತಾನೆ. ಇಲ್ಲಿ ಊದಬಾರದು. ಊದಿದರೆ ಧೂಳು ಬ್ಯಾಟರಿ ಕಡೆಗೇ ಹೋಗ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಎಳೀಬೇಕು. ಆ ಜಾಲರಿಗೆ ಅಡ್ಡ ಅಕ್ಕಿಚೀಲ, ಜಮಖಾನ ಇಡಬಾರದು ಅನ್ನೋದನ್ನ ನಮ್ಮನೆಯವಳಿಗೆ ಹೇಳಿ ಹೇಳಿ ಸಾಕಾಯ್ತು. ಮದುವೆಗೆ ಹೊರಟರೆ ಹಿಂದೆ ಜಾಗ ಎಲ್ಲಿರ್ತದೆ ಅಂತ ಅವಳ ವಾದ. ಅದೂ ಸರಿಯೇ, ಬ್ಯಾಟರಿ ಡಿಕ್ಕಿಯಲ್ಲಿ ಜಾಗ ತಿಂದಿದೆ.

ಎಂಜಿನ್ನಿನ ಏರ್ ಫಿಲ್ಟರ್, ಎಸಿಯ ಕ್ಯಾಬಿನ್ ಫಿಲ್ಟರ್ ಬದಲಾಯಿಸೋದು ಮಾಮೂಲಿ ಗಾಡಿಯ ಹಾಗೇ. ಇನ್ವರ್ಟರಿಗೆ ಬೇರೆಯೇ ಕೂಲೆಂಟ್ ಡಬ್ಬಿ ಇದೆ, ಗುಲಾಬಿ ಬಣ್ಣದ ನೀರು. ಗಾಡಿ ತಣ್ಣಗಿದ್ದಾಗ ಗೆರೆ ನೋಡಿದರೆ ಸಾಕು. ಕಮ್ಮಿಯಾಗ್ತಿದ್ದರೆ ಸುಮ್ಮನೆ ತುಂಬಿಸ್ತಾ ಹೋಗಬೇಡಿ, ಎಲ್ಲೋ ಸೋರ್ತಿದೆ ಅಂತ ಲೆಕ್ಕ. ಬ್ರೇಕ್ ಪ್ಯಾಡ್ ಬೇಗ ಸವೆಯಲ್ಲ, ಅರ್ಧಕ್ಕರ್ಧ ಕೆಲಸ ಮೋಟಾರೇ ಮಾಡ್ತದೆ. ಕಡಿಮೆ ಬಳಕೆಯಿಂದ ಪ್ಯಾಡ್ ಒತ್ತೋ ಕ್ಯಾಲಿಪರಿನ ಪಿನ್ ಹಿಡ್ಕೊಳ್ಳೋದು ಮಾತ್ರ ಉಂಟು, ಟೈರ್ ಬದಲಾಯಿಸುವಾಗ ಒಮ್ಮೆ ಆಡಿಸಿ ನೋಡಿಸಿ. ಎಂಜಿನ್ ಆಯಿಲ್ ನಾನೇ ಬದಲಾಯಿಸಬಲ್ಲೆ, ಆದರೆ ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರುವಾಗ ಸರ್ವಿಸ್ ಪುಸ್ತಕದಲ್ಲಿ ಸೀಲು ಬೀಳ್ತಾ ಹೋಗೋದು ಜಾಣತನ.

ಏನೇ ಮಾಡೋ ಮೊದಲು ಗಾಡಿ ಆಫ್ ಮಾಡಿ ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ. ರೆಡಿಯಲ್ಲಿರುವ ಹೈಬ್ರಿಡ್ ಸದ್ದಿಲ್ಲದೆ ನಿಂತಿರ್ತದೆ, ನೀವು ಬಾನೆಟ್ ಒಳಗೆ ಕೈ ಹಾಕಿದಾಗ ಎಂಜಿನ್ ತಾನಾಗೇ ಚಾಲೂ ಆಗಬಹುದು. ಟೋಯಿಂಗಿನವರು ಬಂದರೆ ಮುಂದಿನ ಚಕ್ರ ನೆಲ ಮುಟ್ಟದ ಹಾಗೆ ಎತ್ತಿಸಿ. ಚಕ್ರ ತಿರುಗಿದರೆ ಮ್ಯಾಗ್ನೆಟ್ ಮೋಟಾರೂ ತಿರುಗ್ತದೆ, ತಿರುಗಿದರೆ ಕರೆಂಟ್ ಹುಟ್ತದೆ.

ಡಾಂಗಲ್ ಜೊತೆ 1000 ವೋಲ್ಟಿನ ಕ್ಲಾಸ್ 0 ರಬ್ಬರ್ ಕೈಗವಸನ್ನೂ ತಗೊಳ್ಳಿ ಅಂತ ಅಂಗಡಿಯವರು ಹೇಳಿದರು. ಅಂಥದ್ದು ನಮ್ಮಲ್ಲಿ ಮೊದಲೇ ಇದೆ. ಅಂಚು ಸುತ್ತಿ ಗಾಳಿ ಹಿಡಿದು ತೂತು ಇದೆಯಾ ನೋಡಿಯೇ ಹಾಕ್ಕೋಬೇಕು. ಕಾರಿಗೋಸ್ಕರ ನೀವು ಅದನ್ನ ಕೊಳ್ಳಬೇಡಿ ಅನ್ನೋದು ನನ್ನ ಮಾತು. ಕೈಗವಸು ಬಂದರೆ ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟೋ ಧೈರ್ಯವೂ ಬರ್ತದೆ. ದೊಡ್ಡ ಬ್ಯಾಟರಿಯ ಸಂಪರ್ಕ ತಪ್ಪಿಸೋ ಸರ್ವಿಸ್ ಪ್ಲಗ್ ಕಿತ್ತ ಮೇಲೂ ಇನ್ವರ್ಟರ್ ಕೆಪಾಸಿಟರ್ ಖಾಲಿಯಾಗೋಕೆ ಹತ್ತು ನಿಮಿಷ ಕಾಯಬೇಕು. ವಿಎಫ್‌ಡಿ ಮೇಲೂ ಇಂಥದ್ದೇ ಎಚ್ಚರಿಕೆ ಇರ್ತದೆ, ಅದನ್ನ ಓದದೆ ಕೈ ಹಾಕಿದವರನ್ನ ಮಿಲ್ಲುಗಳಲ್ಲಿ ನೋಡಿದ್ದೀನಿ. ಡಿಸಿ ಕಿಡಿ ಎಸಿ ಕರೆಂಟಿನ ಕಿಡಿ ಥರ ತಾನಾಗಿ ಆರಲ್ಲ. ಕೆಲವು ಹೈಬ್ರಿಡ್‌ಗಳಲ್ಲಿ ಇನ್ವರ್ಟರ್ ಒಳಗಿನ ವೋಲ್ಟೇಜ್ ಆರುನೂರು ದಾಟ್ತದೆ. ದಿನಾ 415 ವೋಲ್ಟಿನ ಜೊತೆ ಬದುಕೋ ನಾನೇ ಕಿತ್ತಳೆ ಕೇಬಲ್ ಮುಟ್ಟಿಲ್ಲ.

ಯಾರಿಗೆ ಈ ಡಾಂಗಲ್? ಸ್ಟ್ರಾಂಗ್ ಹೈಬ್ರಿಡ್ ಇಟ್ಕೊಂಡು ದಾವಣಗೆರೆ, ದುರ್ಗದ ಹಳ್ಳಿಗಳಲ್ಲಿ ಓಡಾಡೋರಿಗೆ, ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ನೋಡೋಕೆ ಹೋಗೋರಿಗೆ. ಅಂಥ ಗಾಡಿ ನೋಡುವಾಗ, ಮಾರೋನು ಹಿಂದಿನ ದಿನ ಕೋಡ್ ಅಳಿಸಿದ್ದಾನಾ ಅನ್ನೋದೂ ಇದರಲ್ಲಿ ತಿಳೀತದೆ. ಅಳಿಸಿದ್ದರೆ ಗಾಡಿಯ ಸ್ವಯಂ ಪರೀಕ್ಷೆಗಳ ಪಟ್ಟಿಯಲ್ಲಿ 'ಇನ್ನೂ ಮುಗಿದಿಲ್ಲ' ಅಂತ ತೋರಿಸ್ತಿರ್ತದೆ. ಆ ಗಾಡಿಯನ್ನು ಕೆಲವು ದಿನ ಓಡಿಸಿದ ಮೇಲೆ ಮತ್ತೆ ನೋಡ್ತೀನಿ ಅಂತ ಹೇಳಿ ಬನ್ನಿ.

ಕೊಳ್ಳೋರು ಆನ್‌ಲೈನಿನಲ್ಲಿ ನೂರು ರೂಪಾಯಿ ಉಳಿಸೋಕೆ ಹೋಗದೆ ಅಂಗಡಿಯಲ್ಲೇ ತಗೊಳ್ಳಿ. ಗಾಡಿಯನ್ನು ಅಂಗಡಿ ಮುಂದೆ ನಿಲ್ಲಿಸಿ, ಚುಚ್ಚಿ, 12 ವೋಲ್ಟಿನ ಅಂಕಿಯೂ ದೊಡ್ಡ ಬ್ಯಾಟರಿಯ ಶೇಕಡಾವಾರೂ ಬರುತ್ತಾ ನೋಡಿ. ಬರದಿದ್ದರೆ ಅಲ್ಲೇ ಬೇರೆಯದು ಕೇಳಿ. ನನಗೆ ಮೊದಲು ಕೊಟ್ಟಿದ್ದರಲ್ಲಿ ದೊಡ್ಡ ಬ್ಯಾಟರಿಯ ಶೇಕಡಾವಾರು ಬರಲಿಲ್ಲ, ಆತ ಗೊಣಗಿಕೊಂಡೇ ಇನ್ನೊಂದು ಡಬ್ಬಿ ಒಡೆದು ಕೊಟ್ಟ.